ನೀಲಕಂಠದ ಕತ್ತು

ಕಳೆದ ನವೆಂಬರಿನಲ್ಲಿ ನಾನೊಂದು ಅನ್ಯಾಯ ಮಾಡಿದೆ. ಎರಡು ಅಂಕದ ಅನ್ಯಾಯ. ಲೋಕದಲ್ಲಿ ದಿನವೂ ನಡೆಯುವ ಅನ್ಯಾಯಗಳ ಮುಂದೆ ಇದು ಲೆಕ್ಕಕ್ಕೆ ಬರುವಂಥದಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಇಪ್ಪತ್ತು ವರ್ಷದಿಂದ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿರುವವನಿಗೆ ಅಂಕವೆಂದರೆ ತಕ್ಕಡಿ. ತಕ್ಕಡಿಯ ಮುಳ್ಳು ಒಮ್ಮೆ ಓರೆಯಾಯಿತೆಂದು ಗೊತ್ತಾದ ಮೇಲೆ ಅಂಗಡಿಯಲ್ಲಿ ನೆಮ್ಮದಿಯಾಗಿ ಕೂರಲಾಗುವುದಿಲ್ಲ.

ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ತುಸು ಒಳಗೆ, ಒಂದು ಹಿರಿಯ ಪ್ರಾಥಮಿಕ ಶಾಲೆಯಿದೆ. ಅಲ್ಲಿಯ ಮುಖ್ಯೋಪಾಧ್ಯಾಯ ನನ್ನ ಹಳೆಯ ಸಹಪಾಠಿ. ರಾಜ್ಯೋತ್ಸವಕ್ಕೆ ಮಕ್ಕಳಿಗೊಂದು ರಸಪ್ರಶ್ನೆ ಇಟ್ಟಿದ್ದೇನೆ, ನೀನೇ ತೀರ್ಪುಗಾರನಾಗಿ ಬರಬೇಕು, ಎಂ.ಎ. ಮಾಡಿದವನು ಬಂದರೆ ನಮಗೂ ಒಂದು ಕಳೆ ಎಂದು ಕರೆದ. ಹೋದೆ. ಕೆಂಪು ಹಳದಿ ಕಾಗದದ ತೋರಣ, ಭುವನೇಶ್ವರಿಯ ಪಟ, ಊದುಬತ್ತಿಯ ಹೊಗೆ, ಸಾಲಾಗಿ ಕುಳಿತ ಮಕ್ಕಳು. ಪ್ರಶ್ನೆಗಳು ಸುಲಭವಾಗಿದ್ದವು. ನಮ್ಮ ರಾಜ್ಯಪ್ರಾಣಿ ಯಾವುದು? ಆನೆ. ರಾಜ್ಯವೃಕ್ಷ? ಶ್ರೀಗಂಧ. ರಾಜ್ಯಪುಷ್ಪ? ಕಮಲ. ಲಾಂಛನ? ಗಂಡಭೇರುಂಡ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು ಯಾವಾಗ? 1973ನೆಯ ಇಸವಿ ನವೆಂಬರ್ 1. ಆಗಿನ ಮುಖ್ಯಮಂತ್ರಿ ದೇವರಾಜ ಅರಸರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೆಂದು ಒಬ್ಬಳು ಹುಡುಗಿ ಕೇಳದೆಯೇ ಸೇರಿಸಿ ಹೇಳಿದಳು, ಚಪ್ಪಾಳೆ ಬಿತ್ತು. ರಾಜ್ಯದ ಚಿಟ್ಟೆ ಯಾವುದೆಂದು ಕೇಳಿದಾಗ ಮಾತ್ರ ಇಡೀ ಸಭೆ ತೆಪ್ಪಗಾಯಿತು, ನಾನೂ ತೆಪ್ಪಗಾದೆ. ಕೈಯಲ್ಲಿದ್ದ ಉತ್ತರದ ಹಾಳೆ ನೋಡಿ, ‘ಸದರ್ನ್ ಬರ್ಡ್‌ವಿಂಗ್’ ಎಂದು ಓದಿ ಹೇಳಿದೆ. ಮಕ್ಕಳು ಅದನ್ನು ಯಾವುದೋ ಮೋಟಾರು ಕಂಪೆನಿಯ ಹೆಸರು ಕೇಳಿದಂತೆ ಕೇಳಿಕೊಂಡವು.

ಅನಂತರ ಹಕ್ಕಿಯ ಸರದಿ ಬಂತು. ಏಳನೆಯ ತರಗತಿಯ ಒಬ್ಬ ಹುಡುಗ ಎದ್ದು ನಿಂತ. “ತಂತಿ ಮೇಲೆ ಒಂದೇ ಕೂತಿರ್ತದಲ್ಲ ಸಾ, ಕೂತಾಗ ಮಣ್ಣಿನ ಬಣ್ಣ, ಹಾರಿದ್ರೆ ರೆಕ್ಕೆಯೆಲ್ಲಾ ನೀಲಿ ಆಗೋಯ್ತದೆ, ಅದು. ಗೋಡೆ ಪಟದಾಗೂ ಅದೇ ಇರೋದು.”

“ಹೆಸರು ಹೇಳಪ್ಪ.”

“ಹೆಸರು ಮರ್ತೋಯ್ತು ಸಾ.”

ಪಕ್ಕದ ಸಾಲಿನಿಂದ ಇನ್ನೊಬ್ಬ ‘ನೀಲಕಂಠ’ ಎಂದು ಕೂಗಿದ. ಮೊದಲಿನವನು ಅವನ ಕಡೆ ತಿರುಗಿ, ಬಹಳ ಸಮಾಧಾನದಿಂದ, “ಅದ್ರ ಕತ್ತು ನೀಲಿ ಇಲ್ಲ ಕಣೋ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪುಸ್ತಕದಲ್ಲಿರುವ ಹೆಸರು ಹೇಳಬೇಕಪ್ಪಾ ಎಂದು ಬುದ್ಧಿ ಹೇಳಿ, ಎರಡು ಅಂಕವನ್ನು ಹೆಸರು ಕೂಗಿದವನಿಗೆ ಕೊಟ್ಟೆ. ಅದರಿಂದಲೇ ಮೊದಲ ಬಹುಮಾನವೂ ಅವನಿಗೆ ಹೋಯಿತು. ಬಹುಮಾನ ಒಂದು ಕನ್ನಡ ನಿಘಂಟು.

ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯ ಪಕ್ಕ ಕುಳಿತಿದ್ದೆ. ಹೊಗೆಸೊಪ್ಪಿನ ಬ್ಯಾರನ್ ಒಂದರ ಮುಂದೆ ಬಸ್ಸು ನಿಂತಿತು. ತಂತಿಯ ಮೇಲೆ ಕಂದು ಬಣ್ಣದ, ಬಿಗಿಮೋರೆಯ ಒಂದು ಹಕ್ಕಿ ಕುಳಿತಿತ್ತು. ಇಂಥ ಹಕ್ಕಿಯನ್ನು ಅದೆಷ್ಟು ಸಲ ನೋಡಿಯೂ ನೋಡದೆ ಬಿಟ್ಟಿದ್ದೆನೋ! ನೋಡುತ್ತಿದ್ದಂತೆ ಅದು ಕೆಳಗೆ ಧುಮುಕಿತು, ರೆಕ್ಕೆ ಬಿಚ್ಚಿತು. ಆ ನೀಲಿಯನ್ನು ನಾನು ವರ್ಣಿಸಲು ಹೋಗುವುದಿಲ್ಲ, ಹುಡುಗ ಹೇಳಿದ್ದೇ ಸರಿ: ‘ನೀಲಿ ಆಗೋಯ್ತದೆ.’ ಏನನ್ನೋ ಕಚ್ಚಿಕೊಂಡು ಮತ್ತೆ ತಂತಿಗೇ ಬಂದು ಕುಳಿತಾಗ ಕತ್ತನ್ನು ನೋಡಿದೆ. ಕಂದು, ಅದರಲ್ಲಿ ತೆಳುವಾದ ಬಿಳಿಗೀಟುಗಳು. ನೀಲಿಯಲ್ಲ. ಮನೆಗೆ ಬಂದು ಹಕ್ಕಿಗಳ ಪುಸ್ತಕ ತೆರೆದೆ. ಪುಸ್ತಕವೂ ಹುಡುಗನ ಕಡೆಗೇ ಸಾಕ್ಷಿ ಹೇಳಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ವ್ಯಾಕರಣ ಪಾಠದಲ್ಲಿ ಬಹುವ್ರೀಹಿ ಸಮಾಸಕ್ಕೆ ನಾನು ಪ್ರತಿವರ್ಷ ಕೊಡುವ ಉದಾಹರಣೆ ‘ನೀಲಕಂಠ’ವೇ: ನೀಲಿಯಾದ ಕಂಠವುಳ್ಳವನು ಯಾವನೋ ಅವನು. ಅವನು ಶಿವನಾದಾಗ ಸಮಾಸ ಸರಿಯಾಗಿ ಬಿಡಿಸಿಕೊಳ್ಳುತ್ತದೆ. ಹಕ್ಕಿಯಾದಾಗ ವಿಗ್ರಹವಾಕ್ಯವೇ ಸುಳ್ಳಾಗುತ್ತದೆ. ಹೆಸರಿನ ವ್ಯಾಪಾರ ಮಾಡುವ ನನಗೆ ಹಕ್ಕಿ ಗೊತ್ತಿರಲಿಲ್ಲ. ಹಕ್ಕಿ ಗೊತ್ತಿದ್ದ ಹುಡುಗನಿಗೆ ಹೆಸರು ಒದಗಲಿಲ್ಲ. ನಮ್ಮಿಬ್ಬರಲ್ಲಿ ತೀರ್ಪು ಹೇಳುವ ಅಧಿಕಾರ ನನ್ನ ಕೈಯಲ್ಲಿತ್ತು. ನಾನು ಹೆಸರಿನ ಪರವಾಗಿ ತೀರ್ಪು ಕೊಟ್ಟೆ.

ನಮ್ಮ ವಚನಕಾರರು ‘ಕುರುಹು’ ಮತ್ತು ‘ಅರಿವು’ ಎಂಬ ಎರಡು ಮಾತುಗಳನ್ನು ಎದುರುಬದುರು ನಿಲ್ಲಿಸಿ ಬಹಳ ಜಗ್ಗಾಡಿದ್ದಾರೆ. ಕುರುಹು ಬೇಡವೆಂದಲ್ಲ, ಅದನ್ನು ಹಿಡಿದು ಅರಿವಿನವರೆಗೆ ಹೋಗಬೇಕು, ಕುರುಹೇ ಅರಿವಿನ ಗದ್ದುಗೆಯ ಮೇಲೆ ಕೂರಬಾರದು ಎಂಬುದು ಅವರ ಕಾಳಜಿ. ‘ಲಾಂಛನ’ವೂ ಅವರದೇ ಮಾತು. ಲಾಂಛನ ತೊಟ್ಟವನ ನಡತೆ ಸರಿಯಿಲ್ಲದಿದ್ದರೂ ಲಾಂಛನಕ್ಕೆ ಕೈಮುಗಿಯಬೇಕೆ ಬೇಡವೆ ಎಂದು ಅವರು ತಲೆಕೆಡಿಸಿಕೊಂಡರು. ಎಂಟು ಶತಮಾನಕ್ಕೂ ಹೆಚ್ಚು ಕಾಲ ಸಂದ ಮೇಲೆ, ಒಂದು ಹಳ್ಳಿಯ ಶಾಲೆಯಲ್ಲಿ ಆ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತ್ತು. ನಾನು ಗುರುತಿಸಲಿಲ್ಲ.

ಲಾಂಛನಗಳಲ್ಲಿ ಗಂಡಭೇರುಂಡ ನಿರುಪದ್ರವಿ. ಎರಡು ತಲೆಯ ಆ ಹಕ್ಕಿಯನ್ನು ಯಾರೂ ಕಂಡವರಿಲ್ಲ. ಆದ್ದರಿಂದ ಅದರ ಕತ್ತಿನ ಬಣ್ಣದ ಬಗ್ಗೆ ಯಾವ ಹುಡುಗನೂ ತಕರಾರು ತೆಗೆಯಲಾರ. ಬಳ್ಳಿಗಾವಿಯಲ್ಲಿ 1047ರಷ್ಟು ಹಿಂದೆಯೇ ಅದಕ್ಕೊಂದು ಕಂಬ ನಿಂತಿತು. ವಿಜಯನಗರದ ನಾಣ್ಯದ ಮೇಲೆ ಅದು ಕುಳಿತಿತು. ಮೈಸೂರು ಅರಸರ ಮುದ್ರೆಯಾಯಿತು. ಈಗ ಸರ್ಕಾರಿ ಕಾಗದದ ತಲೆಯ ಮೇಲಿದೆ, ಇಕ್ಕೆಲದಲ್ಲಿ ಸಿಂಹದ ಮೈಯೂ ಆನೆಯ ಮುಖವೂ ಉಳ್ಳ ಶರಭಗಳೊಂದಿಗೆ. ಅದು ಯಾರ ಹೊಲಕ್ಕೂ ನುಗ್ಗುವುದಿಲ್ಲ. ಅದನ್ನು ಹಿಡಿದು ಪಳಗಿಸಬೇಕಾಗಿಲ್ಲ, ಅದಕ್ಕೆ ಜಾಗ ಬಿಡಬೇಕಾಗಿಲ್ಲ.

ನಮ್ಮ ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಹೋದಾಗಲೆಲ್ಲ ನನಗೆ ಇನ್ನೊಂದು ಕಾಣದ ಪ್ರಾಣಿ ನೆನಪಾಗುತ್ತದೆ. 1960ರಲ್ಲಿ ಅಲ್ಲಿ ನೆಲೆ ಕಂಡ ಟಿಬೆಟಿನವರ ಬಾವುಟದಲ್ಲಿ ಎರಡು ಹಿಮಸಿಂಹಗಳಿವೆ. ಅಂಥ ಸಿಂಹ ಎಲ್ಲಿಯೂ ಇಲ್ಲ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಬಹುಮಂದಿ ಹಿಮವನ್ನೂ ಕಂಡಿರಲಾರರು. ಮುಸುಕಿನ ಜೋಳದ ಹೊಲಗಳ ನಡುವೆ ಆಡುವ ಆ ಮಕ್ಕಳು ಹಿಮಸಿಂಹದ ಚಿತ್ರ ಬರೆಯುವಾಗ, ಆ ಚಿತ್ರ ಅವರಿಗೆ ಊರಾಗಿದೆ, ಮನೆಯಾಗಿದೆ. ಕುರುಹೆಂದರೆ ಬರಿಯ ಸುಳ್ಳು ಎಂದು ಹೇಳಹೊರಟಾಗಲೆಲ್ಲ ಬೈಲುಕುಪ್ಪೆ ನನ್ನ ಬಾಯಿ ಕಟ್ಟುತ್ತದೆ. ಇಲ್ಲದ ಪ್ರಾಣಿಯನ್ನು ಪ್ರೀತಿಸುವುದರಿಂದ ಯಾರಿಗೂ ನಷ್ಟವಿಲ್ಲ. ತೊಡಕೆಲ್ಲ ಇರುವ ಪ್ರಾಣಿಯದು.

ನಾನು ಹುಟ್ಟಿದ್ದು ಕೃಷ್ಣರಾಜನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕಾವೇರಿಯ ನಾಲೆ, ಭತ್ತದ ಗದ್ದೆ, ಸಂಕ್ರಾಂತಿಗೆ ಚುಂಚನಕಟ್ಟೆಯ ಜಾತ್ರೆ. ಇಷ್ಟೇ ನಮ್ಮ ಭೂಗೋಳ. ಆನೆಯೆಂದರೆ ದಸರಾ ಆನೆ, ಇಲ್ಲವೆ ದೇವಸ್ಥಾನದ ಮುಂದೆ ಬಾಳೆಹಣ್ಣು ಇಸಿದುಕೊಂಡು ತಲೆಯ ಮೇಲೆ ಸೊಂಡಿಲಿಡುವ ಆನೆ. ನಮ್ಮ ರಾಜ್ಯದ ಪ್ರಾಣಿ ಆನೆಯೆಂದು ಮೇಷ್ಟರು ಹೇಳಿದ ದಿನ ನಾನು ಹಿಗ್ಗಿದ್ದು ಇನ್ನೂ ನೆನಪಿದೆ. ನನ್ನದು ಖರ್ಚಿಲ್ಲದ ಆನೆ. ಅದರ ಖರ್ಚನ್ನು ಹುಣಸೂರಿನಲ್ಲಿ, ಕೋಟೆಯಲ್ಲಿ ಬೇರೆ ಯಾರೋ ಕೊಡುತ್ತಿದ್ದಾರೆಂಬುದು ಕೆಲಸದ ಮೇಲೆ ಇತ್ತ ಬಂದ ಮೇಲಷ್ಟೆ ತಿಳಿಯಿತು.

ರಸಪ್ರಶ್ನೆ ಮುಗಿದ ಮೇಲೆ ಮಕ್ಕಳು ಏನಾದರೂ ಕೇಳಬಹುದು ಎಂದಿದ್ದರು. ಆರನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ರಾಜ್ಯಪ್ರಾಣಿ ಅಂದ್ರೆ ಸರ್ಕಾರದ್ದಾ ಸಾ?” ಅಲ್ಲಮ್ಮ, ಆನೆ ನಮ್ಮೆಲ್ಲರದೂ ಎಂದೆ. ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. “ಹಂಗಾರೆ ರಾತ್ರಿ ಕಾಯಕ್ಕೆ ನಮ್ಮಪ್ಪ ಒಬ್ರೇ ಯಾಕೆ ಹೋಗ್ಬೇಕು?” ಎಂದಳು. ಯಾರೂ ನಗಲಿಲ್ಲ. ಕಾಡಂಚಿನ ಶಾಲೆಯಲ್ಲಿ ಇಂಥ ಮಾತಿಗೆ ನಗುವವರಿಲ್ಲ. ಕಟಾವಿನ ಕಾಲದಲ್ಲಿ ಅಪ್ಪ ಅಟ್ಟಣೆಯ ಮೇಲೆ, ತಮಟೆ ಟಾರ್ಚು ಇಟ್ಟುಕೊಂಡು. ಮನೆಯಲ್ಲಿ ಅಮ್ಮ ನಿದ್ದೆಯಿಲ್ಲದೆ. ಬೆಳಿಗ್ಗೆ ಅಪ್ಪ ಮನೆಗೆ ಬಂದರೆ ಆ ದಿನ ಗೆದ್ದಂತೆ. ‘ನಮ್ಮೆಲ್ಲರ’ ಎಂಬ ಮಾತನ್ನು ವ್ಯಾಕರಣದಲ್ಲಿ ಷಷ್ಠೀ ವಿಭಕ್ತಿ ಎನ್ನುತ್ತೇವೆ. ಯಾರು ಯಾರ ಸಂಬಂಧಿ ಎಂದು ಅದು ಹೇಳುತ್ತದೆ. ಲೆಕ್ಕ ಯಾರ ಹೆಸರಿನಲ್ಲಿ ಎಂದು ಹೇಳುವುದಿಲ್ಲ.

2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲವೆಂದು ಅಂದು ಪ್ರಕಟವಾಯಿತು. ಪತ್ರಿಕೆಯಲ್ಲಿ ಅದನ್ನೋದಿ ಮೈಸೂರಿನ ನನ್ನ ಬಂಧುಗಳು ಹೆಮ್ಮೆಪಟ್ಟರು. ನಾನೂ ಪಟ್ಟೆ. ಆದರೆ ಆನೆಗೆ ತಾನು ಯಾವ ರಾಜ್ಯದ್ದೆಂದು ತಿಳಿಯದು. ಬಾವಲಿಯ ಹತ್ತಿರ ಗಡಿ ದಾಟಿ ವಯನಾಡಿಗೆ ಕಾಲಿಟ್ಟರೆ ಅದು ಕೇರಳದ ರಾಜ್ಯಪ್ರಾಣಿ. ಕೇರಳವೂ ಆನೆಯನ್ನೇ ಆರಿಸಿಕೊಂಡಿದೆ. ಇದು ಬರಿಯ ತಮಾಷೆಯ ಮಾತಲ್ಲ. 2024ರ ಫೆಬ್ರವರಿಯಲ್ಲಿ, ಕರ್ನಾಟಕದಲ್ಲಿ ಸೆರೆ ಹಿಡಿದು ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಕಾಡಿಗೆ ಬಿಟ್ಟಿದ್ದ ಆನೆಯೊಂದು ವಯನಾಡಿನ ಮಾನಂದವಾಡಿಯ ಬಳಿ ಒಬ್ಬನನ್ನು ಕೊಂದಿತು. ಅದು ನಮ್ಮ ಆನೆಯೆಂದು ಕರ್ನಾಟಕ ಸರ್ಕಾರ 15 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಬೇರೆ ರಾಜ್ಯದವನಿಗೆ ನಮ್ಮ ಬೊಕ್ಕಸದಿಂದ ಏಕೆ ಎಂದು ಇಲ್ಲಿ ಗಲಾಟೆಯೆದ್ದಿತು. ಸತ್ತವನ ಮನೆಯವರು ಹಣವೇ ಬೇಡವೆಂದರು. ಆನೆ ಮಾತ್ರ ಯಾರನ್ನೂ ಕೇಳದೆ ಮತ್ತೆ ಗಡಿ ದಾಟಿ ಇತ್ತ ಬಂದಿತು. ‘ನಮ್ಮ’ ಎಂಬ ಮಾತಿಗೆ ಒಂದು ಸಲ ಬೆಲೆ ಕಟ್ಟಿದ ಕೂಡಲೆ ಎಷ್ಟು ಜನ ಅದನ್ನು ಕೈಬಿಡುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ನನಗೆ ಗೊತ್ತಿಲ್ಲ.

ದಸರೆಗೆ ಮೊದಲು ಆನೆಗಳನ್ನು ಮೈಸೂರಿಗೆ ಕಳಿಸುವ ಗಜಪಯಣ ನಡೆಯುವುದು ನಮ್ಮ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ, ನಾಗರಹೊಳೆ ಕಾಡಿನ ಬಾಗಿಲಲ್ಲಿ. ಪೂಜೆ, ಬೆಲ್ಲ, ಕಬ್ಬು, ಪುಷ್ಪವೃಷ್ಟಿ, ಮಂತ್ರಿಗಳು, ಮಕ್ಕಳ ಕುಣಿತ. ಸುತ್ತಲಿನ ಹಾಡಿಗಳ ಮಕ್ಕಳೂ ಬರುತ್ತವೆ. ನೋಡಬೇಕಾದ ನೋಟವೇ, ನಾನು ನನ್ನ ಮಗಳನ್ನು ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಅದೇ ವೀರನಹೊಸಹಳ್ಳಿ ವಲಯದಲ್ಲಿ 2018ರ ಡಿಸೆಂಬರಿನಲ್ಲಿ ಒಂದು ಸಲಗ, ರಾತ್ರಿ ಊರಿನ ಕಡೆ ಮೇಯಲು ಬಂದದ್ದು, ಬೆಳಗಾಗುವ ಹೊತ್ತಿಗೆ ಕಾಡಿಗೆ ಹಿಂದಿರುಗಲು ರೈಲುಕಂಬಿಯ ತಡೆಬೇಲಿ ಹತ್ತಿ ದಾಟಲು ಹೋಗಿ, ಅದರ ಮೇಲೆಯೇ ಸಿಕ್ಕಿಬಿದ್ದು ಸತ್ತಿತು. ಆ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಬೇಲಿ ಹಾಕಿದವರು ಕೆಟ್ಟವರಲ್ಲ. ಅಟ್ಟಣೆಯ ಮೇಲಿನ ಆ ಅಪ್ಪ ಬೇಡಿದ್ದೇ ಆ ಬೇಲಿ. ಆನೆಯೂ ಕೆಟ್ಟದ್ದಲ್ಲ, ಮನೆಗೆ ಹೋಗುತ್ತಿತ್ತು. ನನ್ನ ಮಗಳು ಆ ಚಿತ್ರ ನೋಡಿ, “ಅಪ್ಪಾ, ಇದು ನಾವು ಹೂವು ಹಾಕಿದ ಆನೇನಾ?” ಎಂದು ಕೇಳಿದಳು. ಅಲ್ಲ, ಅದು ಬೇರೆ ಎಂದೆ. ಅವಳಿಗೆ ಸಮಾಧಾನವಾಯಿತು; ನನಗೆ ಆಗಲಿಲ್ಲ. ಹೂವು ಹಾಕುವ ಆನೆ ಬೇರೆ, ಬೇಲಿ ಹಾಕುವ ಆನೆ ಬೇರೆ ಎಂದು ಮಗುವಿಗೆ ಹೇಳಿಕೊಟ್ಟವನು ನಾನೇ ಆದೆನಲ್ಲ!

ಹಿಂದೆ ಇಷ್ಟು ನಾಜೂಕು ಇರಲಿಲ್ಲ. ಕಾಕನಕೋಟೆಯ ಖೆಡ್ಡವನ್ನು ನಮ್ಮ ತಾತ ನೋಡಿದ್ದರು. 1971ರಲ್ಲಿ ನಡೆದ ಕೊನೆಯದನ್ನು. ಕಾಡನ್ನೆಲ್ಲ ಸೋಸಿ, ತಮಟೆ ಬೆಂಕಿಗಳಿಂದ ಹಿಂಡನ್ನೇ ಹೊಳೆಗೆ ಇಳಿಸಿ, ಮರದ ಕೋಟೆಯೊಳಕ್ಕೆ ಅಟ್ಟುತ್ತಿದ್ದ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ಮರಿಯಾನೆಯ ಪ್ರಸಂಗ ಬಂದಾಗ ಮಾತ್ರ ಎಲೆಯಡಿಕೆಯ ಚೀಲಕ್ಕೆ ಕೈಹಾಕಿ ಸುಮ್ಮನಾಗುತ್ತಿದ್ದರು. ಆಮೇಲೆ 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡ ನಡೆಯುತ್ತಿದ್ದ ನೆಲದ ಮೇಲೆ ನೀರು ನಿಂತಿತು. ಈಗ ಬೇಸಗೆಯಲ್ಲಿ ಹಿನ್ನೀರು ಇಳಿದು ಹಸಿರು ಹುಲ್ಲು ಮೊಳೆತಾಗ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೇ ಬರುತ್ತವೆ. ಜೀಪಿನಲ್ಲಿ ಕುಳಿತವರು ಅದನ್ನು ನೋಡಿ ಕೈಮುಗಿಯುತ್ತಾರೆ. ಒಂದೇ ಜಾಗ.

ಇನ್ನು ಅರ್ಜುನ. ಬಳ್ಳೆ ಶಿಬಿರದ ಆನೆ. ಹೆಗ್ಗಡದೇವನಕೋಟೆಯವರು ‘ನಮ್ಮ ಅರ್ಜುನ’ ಎನ್ನುತ್ತಿದ್ದರು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಏಳುನೂರೈವತ್ತು ಕಿಲೋ ತೂಕದ ಅಂಬಾರಿ ಹೊತ್ತು ನಡೆದ. ವಯಸ್ಸಾದ ಮೇಲೆ ಅಂಬಾರಿಯ ಭಾರ ಇಳಿಯಿತು; ಕೆಲಸ ಇಳಿಯಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಾಡಿನಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯೊಡನೆ ಸೆಣಸಿ ಸತ್ತ. ರಾಜ್ಯಪ್ರಾಣಿಯನ್ನು ಹಿಡಿಯಲು ರಾಜ್ಯಪ್ರಾಣಿಯನ್ನೇ ಕಳಿಸಿದ್ದೆವು. ಮರುದಿನ ನಮ್ಮ ಕಾಲೇಜಿನ ಹುಡುಗರು ಮೌನ ಆಚರಿಸಿದರು, ಕೆಲವರು ಅತ್ತರು. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಪ್ರಬಂಧ ಬರೆಯಿರಿ ಎಂದರೆ ಎಲ್ಲರೂ ‘ಹುತಾತ್ಮ’ ಎಂದು ಬರೆದರು. ಹುತಾತ್ಮನಾಗುವವನಿಗೆ ಬೇಡವೆನ್ನುವ ಹಕ್ಕಿರಬೇಕಲ್ಲವೆ ಎಂದು ಒಬ್ಬಳೇ ಒಬ್ಬಳು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಆಮೇಲೆ ಅಳಿಸಿದ್ದಳು. ಗುರುತು ಉಳಿದಿತ್ತು, ಓದಿದೆ. ಅವಳಿಗೆ ಹೆಚ್ಚು ಅಂಕ ಕೊಟ್ಟೆ.

ದಸರೆಯ ಕಾಲದಲ್ಲಿ ಮಾವುತರ, ಕಾವಾಡಿಗಳ ಸಂಸಾರಗಳೂ ಅರಮನೆಯ ಆವರಣಕ್ಕೆ ಬಂದು ಬಿಡಾರ ಹೂಡುತ್ತವೆ. ಮಕ್ಕಳ ಓದು ನಿಲ್ಲಬಾರದೆಂದು ಅಲ್ಲೇ ಒಂದು ಟೆಂಟ್ ಶಾಲೆ ನಡೆಯುತ್ತದೆ. ಅವರಲ್ಲಿ ಬಹುಮಂದಿ ಜೇನುಕುರುಬರು. ನಮ್ಮ ಅಕ್ಷರಮಾಲೆಯೇ ಅರಮನೆಗೆ ಹೇಳಿ ಮಾಡಿಸಿದಂತಿದೆ: ‘ಅ’ ಅರಸ, ‘ಆ’ ಆನೆ. ಗೋಡೆಯ ಆನೆಗೆ ಬೆನ್ನು ಮಾಡಿ, ಹೊರಗೆ ಮೀಯುತ್ತಿರುವ ನಿಜವಾದ ಆನೆಯ ಕಡೆಗೇ ಕಣ್ಣಿಟ್ಟ ಮಗುವನ್ನು ಅಲ್ಲಿ ಕಂಡಿದ್ದೇನೆ. ಅದಕ್ಕೆ ಆನೆಯ ಕಿವಿಯ ಅಲುಗಾಟದಿಂದ ಅದರ ಮನಸ್ಸು ತಿಳಿಯುತ್ತದೆ. ‘ಆ’ ಬರೆಯಲು ಬರದಿದ್ದರೆ ನಾವು ಅದನ್ನು ಹಿಂದುಳಿದ ಮಗು ಎನ್ನುತ್ತೇವೆ. ಅಕ್ಷರ ಬೇಡವೆಂದು ನಾನು ಹೇಳುತ್ತಿಲ್ಲ. ಅಕ್ಷರವಿಲ್ಲದೆ ಆ ಮಗುವಿಗೆ ಉಳಿಗಾಲವಿಲ್ಲ, ಅದರ ಅಪ್ಪಂದಿರು ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಏನೇನು ಕಳೆದುಕೊಂಡರೆಂಬುದನ್ನು ಈ ಸೀಮೆಯಲ್ಲಿ ಎಲ್ಲರೂ ಬಲ್ಲರು. ನಾಗರಹೊಳೆಯ ಒಳಗಿನ ಹಾಡಿಗಳಿಂದ ಹೊರಬಂದ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ಇದ್ದಾವೆ. ಅಲ್ಲಿ ಹುಟ್ಟಿದ ಮಕ್ಕಳಿಗೆ ಕಾಡೆಂದರೆ ರಸ್ತೆಯಾಚೆಯ ಕಾಣುವ ವಸ್ತು. ಅಜ್ಜಿ ಜೇನಿನ ಮರಗಳಿಗೆ ಒಂದೊಂದಕ್ಕೂ ಹೆಸರಿಟ್ಟು ಮಾತನಾಡುತ್ತಾಳೆ. ಮೊಮ್ಮಗಳು ಅದೇ ಕಾಡಿನ ಪ್ರಾಣಿಗಳ ಹೆಸರನ್ನು ಶಾಲೆಯ ಗೋಡೆಯಿಂದ ಉರುಹೊಡೆಯುತ್ತಾಳೆ. 2025ರ ಮೇ ತಿಂಗಳಲ್ಲಿ ಕೊಡಗಿನ ಕಡೆಯ ನಾಗರಹೊಳೆಯಲ್ಲಿ ಕೆಲವು ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರ ಹಾಡಿಯ ಜಾಗ ಕರಡಿಕಲ್ಲಿಗೆ ಹಿಂದಿರುಗಿ ಹೋಗಿ ಗುಡಿಸಲು ಕಟ್ಟಿಕೊಂಡರು. ಅದರ ನ್ಯಾಯ ಅನ್ಯಾಯ ಹೇಳಲು ನಾನು ತಕ್ಕವನಲ್ಲ. ಒಂದು ಮಾತ್ರ ಕಾಣುತ್ತದೆ: ಆ ಮೊಮ್ಮಗಳು ‘ನಮ್ಮ ರಾಜ್ಯದ ವನ್ಯಜೀವಿಗಳು’ ಎಂಬ ಪಾಠ ಓದುವಾಗ, ಪಾಠದ ಯಾವ ಚಿತ್ರದಲ್ಲೂ ಅವಳ ಅಜ್ಜಿ ಇರುವುದಿಲ್ಲ.

ಗಂಧದ ಮರದ ವಿಷಯ ಹೇಳದಿದ್ದರೆ ನಮ್ಮ ತಾತನಿಗೆ ದ್ರೋಹ ಬಗೆದಂತೆ. ಗಂಧವನ್ನು ಯಾರೂ ನೆಡಬೇಕಾಗಿಲ್ಲ. ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿದಲ್ಲಿ ಹುಟ್ಟಿ, ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಗುಲಿಸಿ ಬೆಳೆಯುತ್ತದೆ. ನಮ್ಮ ಹಿತ್ತಲ ಬೇಲಿಯಲ್ಲೂ ಹುಟ್ಟುತ್ತಿತ್ತು. ಅಂಗೈಯಷ್ಟು ಸಸಿಯಾಗಿದ್ದಾಗಲೇ ತಾತ ಅದನ್ನು ಕಿತ್ತು ಒಲೆಗೆ ಹಾಕುತ್ತಿದ್ದರು. ನಾನು ಒಮ್ಮೆ ಅತ್ತೆ. ಶಾಲೆಯಲ್ಲಿ ಆ ವಾರವಷ್ಟೇ ಗಂಧದ ನಾಡಿನ ಪಾಠವಾಗಿತ್ತು. “ಅದು ಸರ್ಕಾರದ ಮರ ಮಗ. ನಮ್ಮ ನೆಲದಾಗೆ ಬೆಳೆದರೆ ಕಾಯಬೇಕಾದೋರು ನಾವು, ಕಳ್ಳ ಕಡಿದರೆ ಕೈಕಟ್ಟಿ ನಿಲ್ಲಬೇಕಾದೋರೂ ನಾವು” ಎಂದರು. ಟಿಪ್ಪುವಿನ ಕಾಲದಿಂದ ಅದು ರಾಜವೃಕ್ಷ. ದೊರೆಗಳು ಹೋಗಿ ಪ್ರಜೆಗಳೇ ದೊರೆಗಳಾದ ಮೇಲೂ ಮರ ರಾಜನದಾಗಿಯೇ ಉಳಿಯಿತು. 2001ರಲ್ಲಿ ಕಾನೂನು ತಿದ್ದುಪಡಿಯಾಗಿ, ನೆಲದವನೇ ಮರದ ಒಡೆಯನಾದ. ತಾತ ಆಗ ಇರಲಿಲ್ಲ. ರಾಜ್ಯ ಯಾವುದಕ್ಕೆ ಅತಿ ಹೆಚ್ಚಿನ ಗೌರವ ಕೊಟ್ಟಿತೋ ಅದನ್ನು ಕಂಡರೆ ಒಬ್ಬ ಒಳ್ಳೆಯ ರೈತ ಹೆದರಿ ಸಸಿಯಲ್ಲೇ ಚಿವುಟುತ್ತಿದ್ದ. ಇದು ಯಾವ ರಸಪ್ರಶ್ನೆಯ ಹಾಳೆಯಲ್ಲೂ ಬರುವುದಿಲ್ಲ.

ಈ ಮಾತುಗಳನ್ನೆಲ್ಲ ನನ್ನ ಮುಖ್ಯೋಪಾಧ್ಯಾಯ ಗೆಳೆಯನ ಮುಂದೆ ಹುಣಸೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕುಳಿತು ಹೇಳಿದೆ. ಅವನು ಕಾಫಿ ಆರುವವರೆಗೂ ಕೇಳಿಸಿಕೊಂಡ. “ಅಲ್ಲಯ್ಯಾ, ಹತ್ತು ವರ್ಷದ ಮಗುವಿಗೆ ಇದೆಲ್ಲ ಹೇಳಿ ಏನು ಮಾಡ್ತೀಯ? ಮೊದಲು ಪ್ರೀತಿ ಹುಟ್ಟಲಿ. ಪ್ರೀತಿಯೇ ಇಲ್ಲದವನಿಗೆ ನಿನ್ನ ರೈಲುಕಂಬಿಯ ಆನೆಯ ಕಥೆ ಹೇಳಿದರೆ ಅವನು ಯಾಕೆ ಮರುಗಬೇಕು? ನಿನ್ನ ಮಗಳು ಹೂವು ಹಾಕಿದ್ದರಿಂದ ತಾನೆ ಆ ಪ್ರಶ್ನೆ ಕೇಳಿದ್ದು?” ಎಂದ.

ಇದಕ್ಕೆ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಈಗಲೂ ಪೂರ್ತಿಯಾಗಿ ಇಲ್ಲ. ಹಾಡು, ಬಾವುಟ, ಪಟ ಯಾವುದೂ ಇಲ್ಲದೆ ಬೆಳೆದ ಮಗು ಲೋಕವನ್ನೆಲ್ಲ ಸಮನಾಗಿ ಪ್ರೀತಿಸುತ್ತದೆಂದು ನಾನು ನಂಬಲಾರೆ. ಬಹುಶಃ ಯಾವುದನ್ನೂ ಪ್ರೀತಿಸಲಾರದು. ಆದರೆ ಅವನ ಮಾತಿನಲ್ಲಿ ಒಂದು ಕೊಂಕಿದೆ. ‘ಮೊದಲು ಪ್ರೀತಿ, ಆಮೇಲೆ ಸತ್ಯ’ ಎನ್ನುವ ನಾವು ಆ ‘ಆಮೇಲೆ’ಯನ್ನು ಎಲ್ಲಿಟ್ಟಿದ್ದೇವೆ? ಹತ್ತನೆಯ ತರಗತಿಯಲ್ಲಿಯೆ? ನನ್ನ ಬಿ.ಎ. ತರಗತಿಯಲ್ಲಿಯೆ? ನಾನು ಅಲ್ಲೇ ಇದ್ದೇನೆ, ಅದು ಇನ್ನೂ ಬಂದಿಲ್ಲ. ಅಲ್ಲದೆ, ಈ ‘ಮೊದಲು, ಆಮೇಲೆ’ಯ ಸೌಕರ್ಯ ಇರುವುದು ಕೃಷ್ಣರಾಜನಗರದ, ಮೈಸೂರಿನ, ಬೆಂಗಳೂರಿನ ಮಕ್ಕಳಿಗೆ. ಅಟ್ಟಣೆಯ ಮೇಲೆ ಅಪ್ಪ ಇರುವ ಹುಡುಗಿಗೆ ಸತ್ಯ ಆಗಲೇ ಬಂದುಬಿಟ್ಟಿದೆ. ಅವಳಿಗೆ ನಾವು ಸತ್ಯ ಹೇಳಿಕೊಡಬೇಕಾಗಿಲ್ಲ. ಅವಳು ಹೇಳಿದ್ದನ್ನು ತಪ್ಪುತ್ತರವೆಂದು ಕೆಂಪು ಗೀಟು ಹಾಕದಿದ್ದರೆ ಸಾಕು. ಹೀಗೆಂದಾಗ ಗೆಳೆಯ, “ಸರಿ, ಬಂದು ಆ ಹುಡುಗನಿಗೆ ನೀನೇ ಹೇಳು. ತಪ್ಪು ನಿಂದು” ಎಂದ. ಕಾಫಿಯ ದುಡ್ಡನ್ನೂ ನಾನೇ ಕೊಟ್ಟೆ.

ಜನವರಿಯಲ್ಲಿ ಹೋದೆ. ನಿಘಂಟಿನ ಇನ್ನೊಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡಿದ್ದೆ. ರಾಗಿ ಕಟಾವಾಗಿ ಮೆದೆಗಳು ನಿಂತಿದ್ದವು. ಶಾಲೆ ಬಿಡುವ ಹೊತ್ತು. ಹುಡುಗನನ್ನು ಕರೆಸಿ, ಎಲ್ಲರ ಮುಂದೆ, ಅವತ್ತು ನೀನು ಹೇಳಿದ್ದು ಸರಿ, ನಾನು ಹಕ್ಕಿಯನ್ನು ನೋಡಿರಲಿಲ್ಲ ಎಂದೆ. ನಾಚಿಕೊಂಡ. ನಿಘಂಟು ತೆಗೆದುಕೊಂಡು ತೂಕ ನೋಡಿದ. ನಿಂಗೆ ತೋರಿಸಲಾ ಎನ್ನುವ ಹಾಗೆ ಕಣ್ಣಲ್ಲೇ ಕೇಳಿ, ಶಾಲೆಯ ಹಿಂದಿನ ಮೋರಿಕಟ್ಟೆಗೆ ಕರೆದುಕೊಂಡು ಹೋದ. ತಂತಿ ಬರಿದಾಗಿತ್ತು.

“ಇಷ್ಟೊತ್ತಿಗೆ ಬರಲ್ಲ ಸಾ. ಬಿಸಿಲು ಇಳೀಬೇಕು. ಕಾಯ್ತೀರಾ?”

ಕುಳಿತೆವು. ಅದಕ್ಕೆ ಆ ಹೆಸರು ಯಾಕಿಟ್ಟರು ಎಂದು ಅವನೇ ಕೇಳಿದ. ಸಮುದ್ರಮಥನದ ಕಥೆ ಹೇಳಿದೆ. ಹಾಲಾಹಲ ಹುಟ್ಟಿದ್ದು, ದೇವತ��ಗಳು ಓಡಿದ್ದು, ಶಿವ ಕುಡಿದದ್ದು, ಪಾರ್ವತಿ ಗಂಟಲು ಹಿಡಿದದ್ದು. ತಂತಿಯಿಂದ ಕಣ್ಣು ತೆಗೆಯದೆ ಪೂರ್ತಿ ಕೇಳಿದ.

“ಅದು ಶಿವನ ಕತ್ತು ಸಾ. ಇದ್ರುದ್ದಲ್ವಲ್ಲ” ಎಂದ.

ಅಷ್ಟರಲ್ಲಿ ನಾಲ್ಕೂವರೆಯ ಬಸ್ಸು ರಸ್ತೆಯ ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬಂದು, ನಿಂತು, ಒಂದು ಸಲ ಹಾರನ್ ಒತ್ತಿತು. ನಿಮ್ಮ ಬಸ್ಸು ಎಂದು ಹುಡುಗ ಎದ್ದ. ಮುಂದಿನದು ಎಷ್ಟು ಹೊತ್ತಿಗೆ ಎಂದು ಕೇಳಿದೆ.

“ಆರೂ ಕಾಲಿಗೆ ಸಾ. ಕತ್ತಲಾಯ್ತದೆ. ಆಮೇಲೆ ಈ ಕಡೆ ಆನೆ ಬತ್ತವೆ, ಹುಷಾರಾಗಿ ನಿಂತ್ಕಬೇಕು” ಎಂದ.